ದೊರೆಯ ಗಂಟೆ

ಗಂಟೆಯೊಳಕ್ಕೆ ಬಟ್ಟೆಯ ಚೂರನ್ನು ತುರುಕಿ, ಹೆಬ್ಬೆರಳಿನಿಂದ ಒತ್ತಿ, ಭಾಗ್ಯಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಸದ್ದು ಬರಲಿಲ್ಲ. ನಿಂಬೆಹಣ್ಣಿನ ಗಾತ್ರದ ಹಿತ್ತಾಳೆ ಗಂಟೆ ಅದು. ಕೊಟ್ಟಿಗೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದದ್ದನ್ನು ಈಗಷ್ಟೇ ತೆಗೆದಿದ್ದಳು. ಎಲ್ಲಿ ಬಚ್ಚಿಟ್ಟರೂ ಸಾವಿನ ಮನೆಯಲ್ಲಿ ಯಾರಾದರೂ ಚೊಂಬು ಹುಡುಕಲು ಬರುತ್ತಾರೆ, ಹಗ್ಗ ಹುಡುಕಲು ಬರುತ್ತಾರೆ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೈಮೇಲೆ ಇಟ್ಟುಕೊಂಡರೆ ಯಾರೂ ನೋಡುವುದಿಲ್ಲ ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿ ಮೇಲೆ ಸೆರಗು ಎಳೆದುಕೊಂಡಳು.

"ಭಾಗ್ಯಾ, ನೀರು ಕಾದೈತೆ ಬಾರೇ. ಮೊದಲ್ನೇ ಚೊಂಬು ಸೊಸೆನೇ ಹಾಕ್ಬೇಕು," ಎಂದು ಅಂಗಳದಿಂದ ಪಕ್ಕದ ಮನೆಯ ಅನುಸೂಯಮ್ಮ ಕರೆದಳು.

ಅಂಗಳದಲ್ಲಿ ಸೀರೆಗಳನ್ನು ಮರೆಕಟ್ಟಿ, ಹಲಗೆಯ ಮೇಲೆ ಪಾಪಕ್ಕನನ್ನು ಕೂರಿಸಿದ್ದರು. ಬೆಳಕು ಹರಿಯುವ ಹೊತ್ತಿಗೆ ಜೀವ ಹೋಗಿತ್ತು. ಹಿಂದಿನಿಂದ ಹಿಡಿದುಕೊಂಡಿದ್ದ ಹೆಂಗಸರ ತೋಳಿನ ಮೇಲೆ ತಲೆ ವಾಲಿತ್ತು. ಭಾಗ್ಯಮ್ಮ ಅತ್ತೆಯ ತಲೆಗೆ ನೀರು ಹಾಕಿ, ಬೆನ್ನು ಉಜ್ಜಿ, ಕೈಗಳಿಗೆ ಬಂದಳು. ಲಕ್ವ ಹೊಡೆದ ಮೇಲೆ ಬಲಗೈ ಬಿದ್ದುಹೋಗಿತ್ತು. ಕಡೆಯವರೆಗೂ ಆಡುತ್ತಿದ್ದದ್ದು ಎಡಗೈ ಒಂದೇ. ಆ ಕೈಯ ಉಗುರ ಸಂದಿಯಲ್ಲಿ ರಾಗಿ ರೊಟ್ಟಿಯ ಪುಡಿ ಒಣಗಿ ಕೂತಿತ್ತು. ಭಾಗ್ಯಮ್ಮ ಅದನ್ನು ತೆಗೆಯಲು ಹೋಗಿ, ತೆಗೆಯಲಾರದೆ, ಆ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು.

"ಸಾಬ್ರಿಗೂ ಫೋನ್ ಮಾಡ್ಸಿದೀನಿ ಕಣೆ," ಎಂದಳು ಅನುಸೂಯಮ್ಮ, ಅರಿಸಿನ ಕಲಸುತ್ತ. "ಕೇಳ್ತಿದ್ದಂಗೇ ಹೊರಟ್ಬಿಟ್ರಂತೆ. ಬಕ್ರೀದ್ ಬೇರೆ ಹತ್ರ ಬಂತು. ಹೆಂಗೂ ಟಗರು ನೋಡಕ್ಕೂ ಬರ್ಬೇಕಿತ್ತಲ್ಲ."

ಮಾತು ಮುಗಿಸಿ ಅನುಸೂಯಮ್ಮ ಭಾಗ್ಯಮ್ಮನ ಮುಖವನ್ನೇ ನೋಡಿದಳು. ಭಾಗ್ಯಮ್ಮ ಚೊಂಬನ್ನು ಹಂಡೆಯಲ್ಲಿ ಅದ್ದಿದಳು. ಸೊಂಟದ ಗಂಟೆ ಹೊಟ್ಟೆಗೆ ಒತ್ತಿತು. ಸಾಬರು ಬಂದು, ಇಷ್ಟು ಜನರ ಮುಂದೆ, ಹೆಣದ ಮುಂದೆ, ಟಗರು ಎಲ್ಲಿ ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಮಗ ಕೆಟ್ಟವನೆನಿಸಿಕೊಳ್ಳಲಿ, ಸೊಸೆ ಕೆಟ್ಟವಳೆನಿಸಿಕೊಳ್ಳಲಿ, ಅದು ಬೇರೆ. ಮಣ್ಣಿಗೆ ಹೋಗುವ ದಿನ ಪಾಪಕ್ಕ ಮಾತಿಗೆ ತಪ್ಪಿದವಳಾಗಿ ಹೋಗುತ್ತಾಳೆ.

*

ಪಾಪಕ್ಕನ ಊರು ಸಾಸಲಿನಲ್ಲಿ ಕುರಿ ಸಾಕುವವರು ಬೇಕಾದಷ್ಟು ಜನ ಇದ್ದರು. ಆದರೆ ದೊಡ್ಡಬಳ್ಳಾಪುರದ ಪ್ಯಾರೇಜಾನ್ ಸಾಬರು ಬಕ್ರೀದಿನ ಟಗರಿಗೆ ಪಾಪಕ್ಕನ ಮನೆ ಬಿಟ್ಟು ಬೇರೆ ಮನೆ ನೋಡಿದವರಲ್ಲ. ಅವರದು ಮಗ್ಗ ರಿಪೇರಿ ಕೆಲಸ. ಹಬ್ಬ ಮುಗಿದ ಒಂದೆರಡು ತಿಂಗಳಿಗೆ ಬಂದು, ಪಾಪಕ್ಕನ ಕುರಿಗಳು ಹಾಕಿದ ಮರಿಗಳಲ್ಲಿ ಒಂದನ್ನು ಆರಿಸುತ್ತಿದ್ದರು. ಕಿವಿ ಹರಿದಿರಬಾರದು, ಕಾಲು ಕುಂಟಬಾರದು, ಕಣ್ಣು ಎರಡೂ ಚೆನ್ನಾಗಿರಬೇಕು. ಒಪ್ಪಿಗೆಯಾದದ್ದರ ಕೊರಳಿಗೆ ತಮ್ಮ ಆ ಹಿತ್ತಾಳೆ ಗಂಟೆ ಕಟ್ಟಿಬಿಡುತ್ತಿದ್ದರು. ಅಷ್ಟೇ ವ್ಯಾಪಾರ. ಮುಂಗಡ ಇಲ್ಲ, ಚೀಟಿ ಇಲ್ಲ. ಗಂಟೆ ಬಿತ್ತೆಂದರೆ ಆ ಮರಿ ಸಾಬರದು, ಮುಂದಿನ ಹಬ್ಬದವರೆಗೆ ಸಾಕುವುದು ಪಾಪಕ್ಕನದು.

ಗಂಟೆ ಬಿದ್ದ ಮರಿಗೆ ಪಾಪಕ್ಕ ದೊರೆ ಎಂದು ಹೆಸರಿಡುತ್ತಿದ್ದಳು. ಪ್ರತಿ ವರ್ಷವೂ ದೊರೆಯೇ. ಹುರುಳಿ ಬೇಯಿಸಿ ಹಾಕುವಳು, ಬೇಸಿಗೆಯಲ್ಲಿ ಮೈ ತೊಳೆಯುವಳು, ಗೊರಸಿನ ಸಂದಿಯ ಕೆಸರನ್ನು ಕಡ್ಡಿಯಿಂದ ತೆಗೆಯುವಳು. ಹಬ್ಬಕ್ಕೆ ಕೆಲವು ದಿನ ಮುಂಚೆ ಸಾಬರು ಬಂದು ಟಗರನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವರು.

"ಇಷ್ಟು ಮುಂಚೆ ಯಾಕಪ್ಪಾ? ಇಲ್ಲೇ ಮೇಯ್ಲಿ ಬಿಡು," ಎಂದು ಪಾಪಕ್ಕ ಒಂದು ವರ್ಷ ಕೇಳಿದ್ದಳು.

"ನಾವೂ ಸಾಕ್ಬೇಕಲ್ಲಕ್ಕ. ಮಕ್ಳು ಕೈಯಾರೆ ಮೇವು ಹಾಕ್ಬೇಕು, ಮೈ ಸವರ್ಬೇಕು. ಪ್ರೀತಿ ಬರ್ದೇ ಕೊಟ್ರೆ ಅದು ಕೊಟ್ಟಂಗಲ್ಲ."

"ಓಹೋ. ವರ್ಷವೆಲ್ಲಾ ಪ್ರೀತಿ ನಾನ್ ಮಾಡೋದು, ಪುಣ್ಯ ನಿಂಗಾ?"

ಸಾಬರು ನಕ್ಕು ತಲೆ ತಗ್ಗಿಸಿದ್ದರು. "ಅದಕ್ಕೇ ಅಕ್ಕ, ದುವಾದಲ್ಲಿ ನಿನ್ ಹೆಸ್ರೂ ಹೇಳ್ತೀನಿ."

ಟಗರು ಹೊರಡುವ ಹೊತ್ತಿಗೆ ಪಾಪಕ್ಕ ಹೊರಗೆ ಇರುತ್ತಿರಲಿಲ್ಲ. ಹಿತ್ತಲಲ್ಲಿ ಏನೋ ಕೆಲಸ ಮಾಡುತ್ತಿರುವಂತೆ ಬೆನ್ನು ತಿರುಗಿಸಿ ನಿಲ್ಲುವಳು. ಮೊದಲನೆಯ ವರ್ಷ ಸಾಬರು ಹಬ್ಬದ ಮಾರನೆಯ ದಿನ, ಎಲ್ಲರಿಗೂ ಕೊಡುವಂತೆ, ಡಬ್ಬಿಯಲ್ಲಿ ಪಾಲು ತಂದಿದ್ದರು. ಪಾಪಕ್ಕ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಒಳಗೆ ಹೋದವಳು ಅವರು ಹೋಗುವವರೆಗೂ ಬರಲಿಲ್ಲ. ಆಮೇಲಿನ ವರ್ಷದಿಂದ ಅವರು ತರುತ್ತಿದ್ದದ್ದು ತೊಳೆದು ಬೆಳಗಿದ ಗಂಟೆ ಮತ್ತು ಒಂದು ಚಿಪ್ಪು ಬಾಳೆಹಣ್ಣು. ಏನು ತಂದರೂ ಮಗ್ಗದ ಬಣ್ಣದ ನೂಲಿನಲ್ಲಿ ಕಟ್ಟಿ ತರುವುದು ಅವರ ಅಭ್ಯಾಸ. ಆ ನೂಲನ್ನು ಪಾಪಕ್ಕ ಬಿಚ್ಚಿ, ಸುತ್ತಿ, ಹೂ ಕಟ್ಟಲು ಇಟ್ಟುಕೊಳ್ಳುತ್ತಿದ್ದಳು. ಗಂಟೆ ಮೊಳೆಗೆ ಹೋಗುತ್ತಿತ್ತು. ಮತ್ತೆ ಹೊಸ ದೊರೆಯ ಕೊರಳಿಗೆ ಬೀಳುವವರೆಗೆ ಅಲ್ಲೇ.

*

ಸ್ಕೂಟರಿನ ಸದ್ದು ಕೇಳಿದಾಗ ಪಾಪಕ್ಕನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ, ಹೊಸ ಸೀರೆ ಉಡಿಸಿ, ಹಾರ ಹಾಕಿ ಆಗಿತ್ತು. ತಮಟೆಯವರು ಹುಣಸೆಮರದ ಕೆಳಗೆ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಮಗಳು ಮುನಿರತ್ನಮ್ಮ ಜಡಿಗೇನಹಳ್ಳಿಯಿಂದ ಬರಬೇಕಾಗಿತ್ತು. ಅವಳು ಬರುವವರೆಗೆ ಎತ್ತುವ ಹಾಗಿರಲಿಲ್ಲ.

ಭಾಗ್ಯಮ್ಮ ಗಂಡನನ್ನು ಹುಡುಕಿ ಕಣ್ಣಾಡಿಸಿದಳು. ಬೈರೇಶ ಇದ್ದ. ಚಟ್ಟಕ್ಕೆ ಬಿದಿರು ಸೀಳುವವರ ನಡುವೆ ಕೂತಿದ್ದವನು, ಸ್ಕೂಟರು ಬೇಲಿಯ ಹತ್ತಿರ ನಿಲ್ಲುತ್ತಿದ್ದ ಹಾಗೇ ಎದ್ದು, ಗುಂಡಿ ತೋಡುವವರನ್ನು ನೋಡಿ ಬರುತ್ತೇನೆಂದು ಹೊಲದ ಕಡೆಗೆ ಹೊರಟುಬಿಟ್ಟ. ಹೋಗುವಾಗ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

ಪ್ಯಾರೇಜಾನ್ ಸಾಬರು ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬಂದರು. ತಲೆಯ ಟೋಪಿಯನ್ನು ಸರಿಮಾಡಿಕೊಂಡು, ಜಗಲಿಯ ಮುಂದೆ ಕೈಕಟ್ಟಿ ಸ್ವಲ್ಪ ಹೊತ್ತು ನಿಂತರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಸ್ಕೂಟರಿನ ಹತ್ತಿರ ಹೋಗಿ, ದೊಡ್ಡ ಫ್ಲಾಸ್ಕನ್ನೂ ಪೇಪರ್ ಲೋಟದ ಕಟ್ಟನ್ನೂ ತಂದು ಅನುಸೂಯಮ್ಮನ ಮುಂದೆ ಇಟ್ಟರು.

"ಬಸ್‌ಸ್ಟ್ಯಾಂಡ್ ಹತ್ರ ಭಟ್ರ ಹೋಟ್ಲಿಂದ ಹಾಕಿಸ್ಕೊಂಡು ಬಂದಿದೀನಮ್ಮ. ನಮ್ಮನೇದಲ್ಲ. ಒಲೆ ಹಚ್ಚಿರಲ್ಲ ಅಂತ ಗೊತ್ತು. ಎಲ್ರೂ ಒಂದೊಂದು ಗುಟುಕು ಕುಡೀಲಿ."

ಯಾರೂ ಕೇಳದಿದ್ದರೂ ಎಲ್ಲಿಯ ಕಾಫಿ ಎಂದು ಅವರೇ ಹೇಳಿದ್ದು ಕೇಳಿ, ಒಂದಿಬ್ಬರು ಹಿರಿಯರು ಮುಖ ಬೇರೆ ಕಡೆ ತಿರುಗಿಸಿದರು. ಅನುಸೂಯಮ್ಮ "ನಿಮ್ಮನೇದಾದ್ರೂ ಕುಡೀತಿದ್ವಿ ಬಿಡಿ ಸಾಬ್ರೇ," ಎಂದು ಲೋಟದ ಕಟ್ಟನ್ನು ಬಿಚ್ಚಲು ಭಾಗ್ಯಮ್ಮನ ಕೈಗೆ ಕೊಟ್ಟಳು.

ಲೋಟಗಳಿಗೆ ಸುತ್ತಿದ್ದದ್ದು ಗುಲಾಬಿ ಬಣ್ಣದ ನೂಲು. ಗಂಟು ಬಿಚ್ಚುತ್ತಿದ್ದ ಭಾಗ್ಯಮ್ಮನ ಬೆರಳು ನಿಂತುಹೋಯಿತು. ಇದೇ ನೂಲು, ಇದೇ ಬಣ್ಣ, ಇದೇ ಗಂಟು. ಕೊಟ್ಟಿಗೆಯಲ್ಲಿ ಗಂಟೆಯ ಮೊಳೆಗೆ ಸುತ್ತಿಟ್ಟಿರುವುದೂ ಇದೇ. ಅದು ಅಲ್ಲಿಗೆ ಹೇಗೆ ಬಂತೆಂದು ನೆನಪಾಗುತ್ತಿದ್ದ ಹಾಗೇ ಅವಳ ಕಿವಿ ಬಿಸಿಯಾಯಿತು.

ಹಾಗಾದರೆ ಸಾಬರಿಗೆ ಗೊತ್ತು.

*

ಲಕ್ವ ಹೊಡೆದು, ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಪಾಪಕ್ಕನಿಗೆ ಮಾತು ಬರುತ್ತಿರಲಿಲ್ಲ. ಕೊಟ್ಟಿಗೆಯ ಕಡೆಗಿನ ಕೋಣೆಯಲ್ಲಿ, ತಗ್ಗಾದ ಕಿಟಕಿಗೆ ತಾಗಿಸಿ ಮಂಚ ಹಾಕಿದ್ದರು. ಕತ್ತು ಆ ಕಡೆ ತಿರುಗುತ್ತಿರಲಿಲ್ಲ, ಮೇಲಿನ ಹೆಂಚನ್ನೇ ನೋಡುತ್ತ ಮಲಗಿರುವಳು. ಸಂಜೆ ಮೇವಿನ ಹೊತ್ತಿಗೆ ದೊರೆ ತಾನಾಗಿ ಕಿಟಕಿಯ ಕೆಳಗೆ ಬಂದು ಗೋಡೆಗೆ ಕೊರಳು ಉಜ್ಜುತ್ತಿತ್ತು. ಗಂಟೆಯ ಸದ್ದು ಕೇಳುತ್ತಿದ್ದ ಹಾಗೇ ಪಾಪಕ್ಕನ ಎಡಗೈ, ತಟ್ಟೆಯಲ್ಲಿ ಉಳಿಸಿಟ್ಟ ರೊಟ್ಟಿಯ ಚೂರನ್ನು ಹಿಡಿದು, ಸರಳಿನ ಸಂದಿಯಿಂದ ಹೊರಗೆ ಬರುತ್ತಿತ್ತು. ದೊರೆ ತಿಂದ ಮೇಲೆ ಆ ಕೈ ಅದರ ಕೊಂಬುಗಳ ನಡುವೆ ನೇವರಿಸಿ ಒಳಗೆ ಹೋಗುತ್ತಿತ್ತು.

ಸಾಬರು ನೋಡಲು ಬಂದ ದಿನ ಇದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಹೊರಡುವಾಗ ಬೈರೇಶನಿಗೆ, ಈ ಸಲ ಟಗರನ್ನು ಮುಂಚೆ ಕರೆದೊಯ್ಯುವುದಿಲ್ಲ, ಹಬ್ಬದ ಹಿಂದಿನ ದಿನ ಬರುತ್ತೇನೆ, ಅಲ್ಲಿಯವರೆಗೂ ಅಕ್ಕನ ಹತ್ತಿರವೇ ಇರಲಿ ಎಂದು ಹೇಳಿ ಹೋದರು.

ಅವರು ಅಷ್ಟು ಮಾಡಿದ್ದೇ ಬೈರೇಶನಿಗೆ ಅನುಕೂಲವಾಯಿತು. ಬೆಂಗಳೂರಿಗೆ ಟಗರು ಸಾಗಿಸುವ ದಲ್ಲಾಳಿಯೊಬ್ಬ ಟೆಂಪೋ ತಂದಿದ್ದ. ಹಬ್ಬದ ರೇಟು. ದೊರೆಯ ಬೆನ್ನು ತಟ್ಟಿ, ಹಲ್ಲು ನೋಡಿ, ಯಾರೂ ಕೊಡದಷ್ಟು ಕೊಡುತ್ತೇನೆಂದ. ಮನೆಯಲ್ಲಿ ತೀರಾ ಕಷ್ಟವೇನೂ ಇರಲಿಲ್ಲ. ಅದನ್ನು ಭಾಗ್ಯಮ್ಮ ತನಗೆ ತಾನೇ ಎಷ್ಟು ಸಲ ಬೇರೆ ಥರ ಹೇಳಿಕೊಳ್ಳಲು ನೋಡಿದರೂ ಆಗಲಿಲ್ಲ. ರೇಟು ಬಂದಿತ್ತು, ಅಷ್ಟೇ.

"ಹಬ್ಬದ ಹೊತ್ಗೆ ಸಾಬ್ರಿಗೆ ಇನ್ನೊಂದು ತಂದ್ಕೊಟ್ರಾಯ್ತು," ಎಂದ ಬೈರೇಶ. "ಅವ್ರಿಗೇನ್ ಇದೇ ಆಗ್ಬೇಕು ಅಂತೈತಾ?"

ಬೇಡ ಎಂದು ಭಾಗ್ಯಮ್ಮ ಹೇಳಬಹುದಾಗಿತ್ತು. ಹೇಳಲಿಲ್ಲ. ಒಳಗೆ ಅತ್ತೆ ನಿದ್ದೆ ಮಾಡುತ್ತಿದ್ದಾಳೋ ಎಂದು ಇಣುಕಿ ನೋಡಿ ಬಂದಳು, ಅಷ್ಟೇ ಅವಳು ಮಾಡಿದ್ದು. ಟೆಂಪೋಗೆ ಹಲಗೆ ಹಚ್ಚಿದರು. ದೊರೆ ಮುಂಗಾಲು ಊರಿಕೊಂಡು ನಿಂತುಬಿಟ್ಟಿತು. ಇಬ್ಬರು ಎಳೆದರೂ ಬರಲಿಲ್ಲ.

"ನೀನು ಕರಿ. ನಿನ್ ಮಾತು ಕೇಳ್ತದೆ," ಎಂದ ಬೈರೇಶ.

ಭಾಗ್ಯಮ್ಮ ಅಡಿಗೆಮನೆಯಿಂದ ರೊಟ್ಟಿಯ ಚೂರು ತಂದಳು. ಹಲಗೆಯ ಮೇಲೆ ಹಿಂದಡಿಯಿಟ್ಟು ಹತ್ತುತ್ತ, ಅತ್ತೆ ಕರೆಯುವ ರಾಗದಲ್ಲೇ ಕರೆದಳು. "ಬಾ ದೊರೆ. ಬಾ ಮಗಾ." ದೊರೆ ಕಿವಿ ನಿಗುರಿಸಿ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿತು. ಅವಳ ಅಂಗೈಯಿಂದ ರೊಟ್ಟಿ ತಿಂದಿತು. ನಾಲಿಗೆ ಬೆಚ್ಚಗಿತ್ತು. ಅದು ತಿನ್ನುತ್ತಿರುವಾಗಲೇ ಬೈರೇಶ ಕೊರಳಿಗೆ ಕೈ ಹಾಕಿ ಗಂಟೆ ಬಿಚ್ಚಿ ಅವಳಿಗೆ ಕೊಟ್ಟ.

"ಗಂಟೆ ಸಾಬ್ರದು, ತೆಗ್ದಿಡು. ಟಗರು ನಮ್ದು."

ಗಂಟೆ ಯಾರದೆಂಬುದನ್ನು ಅವನು ಮರೆತಿರಲಿಲ್ಲ.

ಆ ಸಂಜೆ ಮೇವಿನ ಹೊತ್ತಾಯಿತು. ಉಳಿದ ಕುರಿಗಳು ಅರಚಿದವು. ಒಳಗೆ ಪಾಪಕ್ಕ ರೊಟ್ಟಿಯ ಚೂರು ಹಿಡಿದುಕೊಂಡು, ಹೆಂಚು ನೋಡುತ್ತ ಕಾಯುತ್ತಿದ್ದಳು. ಕಾದಷ್ಟೂ ಅವಳ ಉಸಿರು ಗಟ್ಟಿಯಾಗಿ ಕೇಳತೊಡಗಿತು. ಅದನ್ನು ಕೇಳಲಾರದೆ ಭಾಗ್ಯಮ್ಮ ಮೊಳೆಯಿಂದ ಗಂಟೆ ತೆಗೆದುಕೊಂಡು ಕಿಟಕಿಯ ಕೆಳಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ದೊರೆ ನಡೆಯುವ ಹಾಗೆ, ಒಂದಿಷ್ಟು ಆಡಿಸಿ, ನಿಲ್ಲಿಸಿ, ಮತ್ತೆ ಆಡಿಸಿದಳು. ಸರಳಿನ ಸಂದಿಯಿಂದ ಕೈ ಹೊರಗೆ ಬಂತು. ಭಾಗ್ಯಮ್ಮ ಆ ಚೂರನ್ನು ಬೆರಳು ತಾಗದ ಹಾಗೆ ತೆಗೆದುಕೊಂಡು ನಾಯಿಗೆ ಹಾಕಿದಳು.

ಅಲ್ಲಿಂದ ಅದು ದಿನದ ಕೆಲಸವಾಯಿತು. ಪಾತ್ರೆ ತೊಳೆದಂತೆ, ಕಸ ಗುಡಿಸಿದಂತೆ, ಸಂಜೆ ಆಯಿತೆಂದರೆ ಖಾಲಿ ಹಿತ್ತಲಲ್ಲಿ ಗಂಟೆ ಆಡಿಸುತ್ತ ಓಡಾಡಿ ಕಿಟಕಿಯ ಕೆಳಗೆ ಕೂರುವುದು. ಒಂದು ಬೆಳಗ್ಗೆ ಹಿತ್ತಲ ಬೇಲಿಯ ಕಲ್ಲಿನ ಮೇಲೆ ಅಗಸೆ ಸೊಪ್ಪಿನ ದೊಡ್ಡ ಕಟ್ಟೊಂದು ಕಂಡಿತು. ಗುಲಾಬಿ ನೂಲಿನಲ್ಲಿ ಕಟ್ಟಿತ್ತು. ರಾತ್ರಿಯ ಇಬ್ಬನಿ ಕೂತಿತ್ತು. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಹಸುವಿಗೆ ಹಾಕಿದಳು. ನೂಲು ಗಟ್ಟಿಯಾಗಿತ್ತು, ಬಿಸಾಡಲು ಮನಸ್ಸಾಗದೆ ಮೊಳೆಗೆ ಸುತ್ತಿಟ್ಟಳು. ಟಗರು ಇರುವ ಮನೆಗಲ್ಲದೆ ಇನ್ನೆಲ್ಲಿಗೆ ಅಷ್ಟು ಎಳೆಯ ಸೊಪ್ಪನ್ನು ಯಾರಾದರೂ ತರುತ್ತಾರೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

*

ಮುನಿರತ್ನಮ್ಮ ಕಾರಿನಿಂದ ಇಳಿದವಳೇ ಓಡಿ ಬಂದು ತಾಯಿಯ ಕಾಲಮೇಲೆ ಬಿದ್ದಳು. ಅವಳ ಅಳು ಅವಳ ಅಜ್ಜಿಯಿಂದ ಬಂದದ್ದು. ಅಳುತ್ತಲೇ ಹಾಡುವಳು, ಹಾಡುತ್ತಲೇ ಸತ್ತವರನ್ನು ಒಂದೊಂದೇ ಕೇಳುವಳು. ಯಾರ ಕೈಗೆ ಮನೆಯ ಬೀಗದಕೈ ಕೊಟ್ಟು ಹೋದೆ, ಯಾರು ನನ್ನ ತಲೆಗೆ ಎಣ್ಣೆ ಹಚ್ಚುತ್ತಾರೆ, ಯಾರು ನನ್ನನ್ನು ಬಾಗಿಲಲ್ಲಿ ನಿಂತು ಕಾಯುತ್ತಾರೆ. ಹೆಂಗಸರೆಲ್ಲ ಸೆರಗಿನಿಂದ ಮೂಗು ಒರೆಸಿಕೊಂಡರು. ಭಾಗ್ಯಮ್ಮನೂ ಅತ್ತಳು. ಆದರೆ ಅಳುವಾಗಲೂ ಒಂದು ಕೈ ಸೊಂಟದ ಮೇಲೇ ಇತ್ತು.

"ನಿನ್ ದೊರೆ ಎಲ್ಲೋದ್ನಮ್ಮಾ... ನಿನ್ನ ಕಳಿಸ್ಕೊಡಕ್ಕೆ ಅವ್ನೂ ಬರ್ನಿಲ್ವೇನಮ್ಮಾ..." ಎಂದು ಹಾಡಿದಳು ಮುನಿರತ್ನಮ್ಮ.

ಹಾಡು ಅಲ್ಲಿಂದ ಮುಂದೆ ಹೋಗುತ್ತದೆ ಎಂದು ಭಾಗ್ಯಮ್ಮ ಕಾದಳು. ಹೋಗಲಿಲ್ಲ. ಮುನಿರತ್ನಮ್ಮ ತಲೆ ಎತ್ತಿ, ಕಣ್ಣು ಒರೆಸಿಕೊಂಡು, ಬಂದ ದಾರಿಯನ್ನು ನೆನೆಸಿಕೊಂಡವಳಂತೆ, ಮಾಮೂಲು ದನಿಯಲ್ಲಿ ಕೇಳಿದಳು.

"ಅತ್ಗೇ, ದೊರೆ ಎಲ್ಲಿ? ಕೊಟ್ಟಿಗೇಲಿ ಕಾಣ್ಲಿಲ್ಲ?"

ಟೆಂಪೋ ಬಂದದ್ದು ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ. ಹೊಲದಿಂದ ಬಂದು ಜನರ ಹಿಂದೆ ನಿಂತಿದ್ದ ಬೈರೇಶ ನೆಲ ನೋಡಿದ. ಭಾಗ್ಯಮ್ಮ ಸೊಂಟದ ಗಂಟೆಯನ್ನು ಇನ್ನೂ ಬಿಗಿಯಾಗಿ ಒತ್ತಿಹಿಡಿದಳು. ಜಗಲಿಯ ಮೇಲೆ ಪಾಪಕ್ಕನ ಮುಖ, ಅರಿಸಿನ ಹಚ್ಚಿದ್ದು, ಎಲ್ಲರ ಕಡೆಗೂ ನೋಡುತ್ತಿರುವ ಹಾಗಿತ್ತು.

"ನಾನು ಕರ್ಕೊಂಡೋದೆ ತಾಯಿ," ಎಂದರು ಪ್ಯಾರೇಜಾನ್ ಸಾಬರು.

ಗಂಡಸರ ಬೆಂಚಿನ ತುದಿಯಿಂದ ಎದ್ದು ನಿಂತಿದ್ದರು. ಯಾರ ಮುಖವನ್ನೂ ನೋಡದೆ, ಪಾಪಕ್ಕನಿಗೇ ಹೇಳುವವರ ಹಾಗೆ ಹೇಳಿದರು. "ಹಬ್ಬ ಹತ್ರ ಬಂತಲ್ಲ. ನಮ್ಮನೇಲೈತೆ. ಚೆನ್ನಾಗೈತೆ. ಅಕ್ಕ ಕೊಟ್ಟ ಮಾತು ಯಾವತ್ತೂ ತಪ್ಪಿಲ್ಲ."

ಮುನಿರತ್ನಮ್ಮನಿಗೆ ಅಷ್ಟು ಸಾಕಾಯಿತು. ಮತ್ತೆ ತಾಯಿಯ ಕಾಲ ಮೇಲೆ ತಲೆ ಇಟ್ಟಳು. ಆದರೆ ಗಂಡಸರ ನಡುವೆ ಯಾರೋ ಕೆಮ್ಮಿದರು, ಯಾರೋ ಪಕ್ಕದವನ ಕಡೆ ತಿರುಗಿದರು. ಅನುಸೂಯಮ್ಮ ಸಾಬರನ್ನು ನೋಡಿದಳು, ಭಾಗ್ಯಮ್ಮನನ್ನು ನೋಡಿದಳು. ಬೆಳಗಿನಿಂದ ಅವಳ ನಾಲಿಗೆಯ ತುದಿಯಲ್ಲಿ ಏನು ಕೂತಿದೆ ಎಂಬುದು ಭಾಗ್ಯಮ್ಮನಿಗೆ ಗೊತ್ತಿತ್ತು.

"ಹೂಂ ಕಣೆ ರತ್ನ," ಎಂದಳು ಅನುಸೂಯಮ್ಮ, ಎಲ್ಲರಿಗೂ ಕೇಳುವ ಹಾಗೆ. "ಟೆಂಪೋ ಬಂದಿದ್ದು ನಾನೇ ಕಣ್ಣಾರೆ ನೋಡಿದೀನಿ."

ಹಾಗೆಂದು, ತಮಟೆಯವರ ಕಡೆ ತಿರುಗಿ, ಹೊತ್ತಾಯಿತು ಬಡೀರಪ್ಪಾ ಎಂದಳು.

*

ಹೊಲದ ಬದುವಿನಲ್ಲಿ, ಮಾವನ ಸಮಾಧಿಯ ಪಕ್ಕದಲ್ಲಿ, ಗುಂಡಿ ತೆಗೆದಿದ್ದರು. ಇಳಿಸುವಾಗ ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ನಡೆಯಿತು. ಮಣ್ಣು ಹಾಕುವ ಹೊತ್ತಿಗೆ ಸಾಬರು ಎಲ್ಲರಿಗಿಂತ ಕೊನೆಯಲ್ಲಿ ಬಂದು, ಮಂಡಿಯೂರಿ, ಮೂರು ಹಿಡಿ ಹಾಕಿದರು. ಅವರ ಪಕ್ಕದಲ್ಲಿ ನಿಂತಿದ್ದ ಬೈರೇಶ ಕೈಯಲ್ಲಿದ್ದ ಗುದ್ದಲಿಯನ್ನು ಸುಮ್ಮನೆ ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದ. ಏನೋ ಹೇಳಲು ಹೊರಟ. ಸಾಬರು ಅವನ ಭುಜದ ಮೇಲೆ ಒಂದು ಸಲ ಕೈಯಿಟ್ಟು, ತೆಗೆದು, ಮುಂದೆ ನಡೆದರು. ತಾಯಿ ಸತ್ತ ಮಗನಿಗೆ ಎಲ್ಲರೂ ಮಾಡುವ ಹಾಗೆ, ಅಷ್ಟೇ. ಬೈರೇಶ ಅಲ್ಲಿಂದ ಬಾವಿಯ ಕಡೆ ಹೋದವನು ಎಲ್ಲರೂ ಸ್ನಾನ ಮುಗಿಸಿದರೂ ಬರಲಿಲ್ಲ.

ಸಾಬರು ಸ್ಕೂಟರಿಗೆ ಫ್ಲಾಸ್ಕ್ ಕಟ್ಟುತ್ತಿದ್ದಾಗ ಭಾಗ್ಯಮ್ಮ ಬೇಲಿಯ ಹತ್ತಿರ ಹೋಗಿ ನಿಂತಳು. ಸೊಂಟದಿಂದ ಗಂಟೆ ತೆಗೆದಳು. ಬೆಳಗಿನಿಂದ ಒತ್ತಿ ಒತ್ತಿ ಅದು ಮೈಯಷ್ಟೇ ಬೆಚ್ಚಗಾಗಿತ್ತು. ಒಳಗಿನ ಬಟ್ಟೆಯ ತುದಿ ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ತಲೆ ಎತ್ತಲಿಲ್ಲ.

"ನಿಮ್ಗೆ ಯಾರ್ ಹೇಳಿದ್ರು?" ಎಂದು ಕೇಳಿದಳು.

"ಯಾರೂ ಹೇಳ್ಲಿಲ್ಲಮ್ಮ." ಸಾಬರು ಹಗ್ಗದ ಗಂಟನ್ನು ಬಿಗಿಮಾಡುತ್ತಲೇ ಹೇಳಿದರು. "ಒಂದಿನ ಸಂಜೆ ಬಂದಿದ್ದೆ, ಅಕ್ಕನ್ನ ನೋಡ್ಕೊಂಡು ಹೋಗಾಣ ಅಂತ. ಹಿತ್ಲಿನ್ ಕಡೆಯಿಂದ ಗಂಟೆ ಕೇಳಿಸ್ತು. ದೊರೆಗೆ ಸೊಪ್ಪು ಕೊಡಾಣ ಅಂತ ಈ ಕಡೆ ಬಂದೆ." ಹಗ್ಗದಿಂದ ಕೈ ತೆಗೆದರು. "ನೀನು ಕಿಟಕಿ ಕೆಳಗೆ ಕೂತಿದ್ದೆ. ನಂಗೇ ನಾಚ್ಕೆ ಆಗೋಯ್ತು, ಬೇರೆಯೋರ ಮನೆ ಇಣುಕಿ ನೋಡ್ದಂಗೆ. ಸೊಪ್ಪು ಅಲ್ಲೇ ಇಟ್ಟು ಹೊರಟ್ಬಿಟ್ಟೆ."

"ನಾನೇ ಹತ್ಸಿದ್ದು ಸಾಬ್ರೇ. ಟೆಂಪೋಗೆ. ಅತ್ತೆ ಥರ ಕರ್ದು, ನಾನೇ ಹತ್ಸಿದೆ."

ಅವರು ಏನಾದರೂ ಅನ್ನಲಿ ಎಂದು ಅವಳು ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಹೋಗಲಿ ಬಿಡಮ್ಮ ಎಂದಿದ್ದರೂ ಆಗುತ್ತಿತ್ತು. ಸಾಬರು ಎರಡನ್ನೂ ಅನ್ನಲಿಲ್ಲ. ಅವಳು ಚಾಚಿದ ಕೈಯಿಂದ ಗಂಟೆಯನ್ನು ತೆಗೆದುಕೊಂಡರು. ಒಳಗಿನ ಬಟ್ಟೆಯನ್ನು ನೋಡಿದರು. ಅದನ್ನು ತೆಗೆಯದೆ ಹಾಗೇ ಜೇಬಿಗೆ ಹಾಕಿಕೊಂಡರು.

"ಟಗರು ನನ್ ಹತ್ರ ಐತೆ ಅಂದ್ಮೇಲೆ ಗಂಟೇನೂ ನನ್ ಹತ್ರಾನೇ ಇರ್ಬೇಕಲ್ಲಮ್ಮ," ಎಂದರು. "ಹಬ್ಬ ಆದ್ಮೇಲೆ ತಂದ್ಕೊಡ್ತೀನಿ. ವರ್ಷಾ ವರ್ಷಾ ತರ್ತೀನಲ್ಲ, ಹಂಗೇ."

ಸ್ಕೂಟರು ಕೆರೆಯ ಏರಿ ಹತ್ತಿ ಮರೆಯಾಗುವವರೆಗೂ ಭಾಗ್ಯಮ್ಮ ಬೇಲಿ ಹಿಡಿದುಕೊಂಡು ನಿಂತಿದ್ದಳು. ದಾರಿಯ ಹಳ್ಳದಲ್ಲಿ ಸ್ಕೂಟರು ಕುಲುಕಿತು. ಯಾವ ಸದ್ದೂ ಬರಲಿಲ್ಲ.

*

ಸಂಜೆ ನೆಂಟರೆಲ್ಲ ಜಗಲಿಯಲ್ಲಿ ಕೂತಿದ್ದರು. ಮೇವಿನ ಹೊತ್ತಿಗೆ ಕುರಿಗಳು ಅರಚಿದಾಗ ಭಾಗ್ಯಮ್ಮ ಎದ್ದು ಹಿತ್ತಲಿಗೆ ಹೋದಳು. ಹುಲ್ಲು ಹಾಕಿದಳು, ನೀರು ಇಟ್ಟಳು. ಆಮೇಲೆ ಕಾಲು ತಾನಾಗಿ ಕಿಟಕಿಯ ಕಡೆ ನಡೆಯಿತು. ಅಲ್ಲಿ ಗೋಡೆಯ ಸುಣ್ಣ ಉಜ್ಜಿ ಉಜ್ಜಿ ಕಂದು ಬಣ್ಣಕ್ಕೆ ತಿರುಗಿತ್ತು. ದೊರೆಗಳೆಲ್ಲ ಕೊರಳು ಉಜ್ಜಿದ ಜಾಗ. ಕುಕ್ಕರಗಾಲಲ್ಲಿ ಕೂತರೆ ಸರಿಯಾಗಿ ಅವಳ ತಲೆಯ ಎತ್ತರಕ್ಕೆ ಬರುತ್ತಿತ್ತು.

ನಿನ್ನೆಯೂ ಇದೇ ಹೊತ್ತು. ಗಂಟೆ ಆಡಿಸಿದ್ದಳು, ಕೈ ಹೊರಗೆ ಬಂದಿತ್ತು, ರೊಟ್ಟಿಯ ಚೂರು ತೆಗೆದುಕೊಂಡಿದ್ದಳು. ದಿನವೂ ಕೊಟ್ಟ ಮೇಲೆ ನೇವರಿಸಲು ಕೊಂಬು ಹುಡುಕಿ ಗಾಳಿಯಲ್ಲಿ ಆಡುವ ಕೈಗೆ ಸಿಗದ ಹಾಗೆ ಅವಳು ಪಕ್ಕಕ್ಕೆ ಬಾಗುತ್ತಿದ್ದಳು. ನಿನ್ನೆ ದಣಿವೋ ಏನೋ, ಬಾಗುವುದು ತಡವಾಯಿತು. ಕೈ ಅವಳ ತಲೆಯ ಮೇಲೆ ಇಳಿಯಿತು. ಬೈತಲೆಯ ಮೇಲೆ ನಿಂತಿತು. ಬೆರಳುಗಳು ಕೂದಲಿನ ಎಣ್ಣೆಯನ್ನು, ತುರುಬಿನ ಗಂಟನ್ನು ತಡವಿ ನೋಡಿದವು. ಆಮೇಲೆ ಆ ಕೈ ಹಣೆಯಿಂದ ಹಿಂದಕ್ಕೆ, ಮೆಲ್ಲಗೆ, ನೇವರಿಸಿತು. ಮತ್ತೊಮ್ಮೆ ನೇವರಿಸಿತು. ಒಳಗೆ ಹೋಯಿತು.

ಕೈ ಸೋತು ಜಾರಿತೆಂದು ಅವಳು ನಿನ್ನೆ ಅಂದುಕೊಂಡಿದ್ದಳು. ಸೋತ ಕೈ ಎರಡು ಸಲ ನೇವರಿಸುವುದಿಲ್ಲ. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನಿನ್ನೆ ನಾಯಿಗೆ ಹಾಕಲಾಗದೆ ತಾನೇ ತಿಂದದ್ದು ಈಗ ನೆನಪಾಯಿತು.

ಒಳಗೆ ಯಾರೋ ಪಾಪಕ್ಕ ಮಲಗುತ್ತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ಸರಳುಗಳ ನೆರಳು ಹಿತ್ತಲ ಮಣ್ಣಿನ ಮೇಲೆ ಉದ್ದಕ್ಕೆ ಬಿತ್ತು. ಕುರಿಗಳು ಹುಲ್ಲು ಬಿಟ್ಟು ತಲೆ ಎತ್ತಿ ಅವಳ ಖಾಲಿ ಕೈಗಳನ್ನೇ ನೋಡುತ್ತಿದ್ದವು. ಭಾಗ್ಯಮ್ಮ ಕಿಟಕಿಯ ಕೆಳಗೆ ಕೂತು, ತಲೆಯ ಮೇಲಿನ ಸೆರಗನ್ನು ಸರಿಸಿ, ಕಂದು ಗುರುತಿಗೆ ಹಣೆ ತಾಗುವಷ್ಟು ತಲೆ ಬಗ್ಗಿಸಿದಳು.